ಎಡಕ್ಕೆ ಒಂದು ಗಂಟು

ಕಳೆದ ವಾರ ನನ್ನ ಅಂಗಿಯ ಗುಂಡಿ ಕಿತ್ತುಹೋಯಿತು. ಸೂಜಿ ಹುಡುಕಲು ಹೆಂಡತಿ ಮಂಗಳಳ ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದೆ. ಅವಳು ಹೋಗಿ ಹದಿನಾಲ್ಕು ತಿಂಗಳಾಗಿದೆ. ಅದನ್ನು ಎಳೆದದ್ದು ಅದೇ ಮೊದಲು. ಬಾಬಿನ್‌ಗಳು, ಗುರುತು ಹಾಕುವ ಚಾಕಿನ ಚೂರು, ಹುಕ್ಕಿನ ಹಾಳೆ, ಎಲ್ಲ ಅವಳು ಇಟ್ಟ ಹಾಗೆಯೇ ಇದ್ದವು. ಆದರೆ ಮೂಗಿಗೆ ಬಂದದ್ದು ಬಟ್ಟೆಯ ವಾಸನೆಯಲ್ಲ, ಗ್ರೀಸಿನ ವಾಸನೆ. ಸ್ವಲ್ಪ ಸೀಮೆಎಣ್ಣೆ ಬೆರೆತ ಹಳೆಯ ಗ್ರೀಸು. ಆಯುಷ್ಯವೆಲ್ಲ ಲೇತಿನ ಮುಂದೆ ನಿಂತವನ ಮೂಗು ಇದರಲ್ಲಿ ತಪ್ಪುವುದಿಲ್ಲ. ಒಳಗೆ ಕೈಯಾಡಿಸಿದರೆ ಮೂಲೆಯಲ್ಲಿ ನಾಲ್ಕು ನೀಲಿ ಬಟ್ಟೆಯ ಪಟ್ಟಿಗಳು ಸಿಕ್ಕವು. ಎರಡು ಪಟ್ಟಿಗಳ ತುದಿಯಲ್ಲಿ ಒಂದೊಂದು ಗಂಟು, ಇನ್ನೆರಡರ ತುದಿಯಲ್ಲಿ ಎರಡೆರಡು. ನಾಲ್ಕನ್ನೂ ಕತ್ತರಿಯಿಂದ ಕತ್ತರಿಸಿ ತೆಗೆದದ್ದು, ಬಿಚ್ಚಿದ್ದಲ್ಲ.

ಗುಂಡಿ ಹಾಗೆಯೇ ಉಳಿಯಿತು. ಅವಳ ಸ್ಟೂಲಿನ ಮೇಲೆ ಕೂತೆ. ತೊಂಬತ್ತೆಂಟರ ಬೇಸಗೆಯಿಂದ ಮಹಾನವಮಿಯವರೆಗಿನ ಆ ಐದಾರು ತಿಂಗಳು ಒಟ್ಟಿಗೆ ಕಣ್ಣಮುಂದೆ ಬಂದವು.

ಆಗಲೂ ನಾವು ಹರಿಹರದ ಇದೇ ಮನೆಯಲ್ಲಿದ್ದೆವು. ನಾನು ಟರ್ನರ್. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ, ಅಷ್ಟೇ ನನ್ನ ಓದು. ಮನೆಯ ಮುಂದಿನ ಶೆಡ್ಡಿನಲ್ಲಿ ಒಂದು ಲೇತ್ ಹಾಕಿಕೊಂಡಿದ್ದೆ. ಮಂಗಳ ಪಡಸಾಲೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದಳು. ಅವಳ ಪೂರ್ತಿ ಹೆಸರು ಸರ್ವಮಂಗಳ. ಮದುವೆಯಾಗಿ ಹದಿನಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದರ ಮಾತನ್ನು ನಾವಿಬ್ಬರೂ ಬಿಟ್ಟಿದ್ದೆವು. ಆಡುವವರು ಬೇರೆಯವರಿದ್ದರು.

ಆ ಬೇಸಗೆಯಲ್ಲಿ ದಾವಣಗೆರೆಯ ಒಂದು ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯನ್ನು ಕೆಡವಿ ಸೈಟು ಮಾಡುವವರಿದ್ದರು. ಅಲ್ಲಿನ ಯಂತ್ರಗಳನ್ನು ಬಿಚ್ಚುವ ಕೆಲಸ ನನಗೆ ಸಿಕ್ಕಿತು. ಬಿಚ್ಚಿದ್ದನ್ನು ಸಾಗಿಸಲು ದಸ್ತಗೀರಣ್ಣ ಬಂದಿದ್ದ. ಅವನು ಲಾರಿ ಮೇಸ್ತ್ರಿ, ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕ ಗ್ಯಾರೇಜು ಇಟ್ಟವನು, ನನ್ನ ಗೆಳೆಯ. ಮೂರನೆಯ ದಿನ ಹಿಂದಿನ ಗೋದಾಮಿನಲ್ಲಿ ಒಂದು ತಾಡಪಾಲು ಎಳೆದೆವು. ಅಡಿಯಲ್ಲಿ ಒಂದು ಕಾರಿತ್ತು.

ಅಂಥ ಕಾರನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಉದ್ದನೆಯ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಮೊಣಕೈ ಊರಿಕೊಂಡು ಕೂರುವಷ್ಟು ಇಳಿಸಿ ಕೊಯ್ದ ಬಾಗಿಲು. ಮೇಲೆ ಚಾವಣಿಯಿಲ್ಲ. ಮೈತುಂಬ ಹತ್ತಿಯ ಎಳೆ ಮೆತ್ತಿಕೊಂಡು ಉಣ್ಣೆ ಕತ್ತರಿಸದ ಕುರಿಯ ಹಾಗೆ ನಿಂತಿತ್ತು. ಮೂತಿಯ ಮೇಲಿನ ಬಿಲ್ಲೆ ಬಿದ್ದುಹೋಗಿ ಎರಡು ತೂತು ಉಳಿದಿದ್ದವು. ಫ್ಯಾಕ್ಟರಿಯ ಸಾಹುಕಾರರಿಗೂ ಅದರ ಹೆಸರು ನೆನಪಿರಲಿಲ್ಲ. "ಇಂಗ್ಲೆಂಡಿಂದು. ನಮ್ಮ ಅಪ್ಪಾರು ಬೊಂಬಾಯಿಂದ ಓಡಿಸ್ಕೊಂಡು ಬಂದಿದ್ರು. ರೇಸಿನ ಗಾಡಿ. ನಾಳೆ ಗುಜರಿಗೆ ಹೋಗೋದು, ಬೇಕಾದ್ರೆ ನೀನೇ ಒಯ್ಯಿ ಹಾಲೇಶ. ಕಾಗದ ಹುಡುಕಿ ಕೊಡ್ತೀನಿ" ಎಂದರು.

ಬೇಕೋ ಬೇಡವೋ ಎಂದು ನಾನು ನಿಂತಿದ್ದಾಗ ಮಂಗಳ ಬಂದಳು. ಲೈನಿಂಗ್ ಬಟ್ಟೆ ತರಲು ದಾವಣಗೆರೆಗೆ ಬಂದವಳು ನಮಗೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರನ್ನೂ ಕೇಳದೆ ಒಳಗೆ ಇಳಿದು ಸ್ಟೀರಿಂಗಿನ ಮುಂದೆ ಕೂತಳು. ಅಕ್ಕಪಕ್ಕ ನೋಡಿದಳು, ಹಿಂದೆ ತಿರುಗಿ ನೋಡಿದಳು.

"ಎರಡೇ ಸೀಟು ಐತಲ್ರಿ."

"ಹ್ಞೂಂ. ರೇಸಿನ ಗಾಡಿ."

"ನಮಗೆ ಹೇಳಿ ಮಾಡಿಸಿದಂಗೈತೆ" ಎಂದು ನಕ್ಕಳು.

ಆ ನಗುವಿನಲ್ಲಿ ನೋವಿತ್ತೋ ಏನೋ ಎಂದು ನಾನು ಅವಳ ಮುಖ ನೋಡಿದೆ. ಇರಲಿಲ್ಲ. ಜಾತ್ರೆಯ ತೊಟ್ಟಿಲು ಹತ್ತಿದ ಹುಡುಗಿಯ ನಗು ಅದು. ನಾನು ಚಕ್ರದ ಕಡ್ಡಿಗಳನ್ನು ಎಣಿಸತೊಡಗಿದೆ.

ದಸ್ತಗೀರಣ್ಣನ ಲಾರಿಗೆ ಹಗ್ಗ ಕಟ್ಟಿ ಅದನ್ನು ಹರಿಹರಕ್ಕೆ ಎಳೆದು ತಂದೆವು. ಹಿಂದಿನ ಕಾರಿನಲ್ಲಿ ಯಾರಾದರೂ ಸ್ಟೀರಿಂಗ್ ಹಿಡಿದು ಕೂರಲೇಬೇಕಿತ್ತು. "ನಾನು ಇಳಿಯಂಗಿಲ್ಲ" ಎಂದಳು ಮಂಗಳ. ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡಿದುಕೊಂಡೆ. ಹೈವೇಯಲ್ಲಿ ಹಗ್ಗ ಬಿಗಿದು ಕಾರು ಮುಂದಕ್ಕೆ ನೆಗೆದಾಗ ಅವಳು ಸ್ಟೀರಿಂಗನ್ನು ಕೊರಳಿಗೆ ಬಿದ್ದವರನ್ನು ತಬ್ಬಿದಂತೆ ತಬ್ಬಿದಳು. ಎರಡು ಮೈಲಿ ಕಳೆಯುವಷ್ಟರಲ್ಲಿ ಕೈ ಸಡಿಲವಾಯಿತು. ಹತ್ತಿಯ ಎಳೆಗಳು ಗಾಳಿಗೆ ಎದ್ದು ನಮ್ಮ ಹಿಂದೆ ಹಾರುತ್ತಿದ್ದವು. ದಾರಿಯುದ್ದಕ್ಕೂ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

ಮನೆಯ ಮುಂದೆ ನಿಂತಾಗ ನನ್ನ ಅವ್ವ ಹೊರಗೆ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಎರಡೇ ಸೀಟಾ? ನಾನೆಲ್ಲಿ ಕೂಡ್ರಬೇಕು?"

"ನೀವು ನನ್ನ ಸೀಟ್ನಾಗೆ ಕೂಡ್ರಿ ಅತ್ತಿ. ನಿಮ್ಮ ಮಗ ಹಿಂದೆ ಓಡಿ ಬರ್ತಾರೆ" ಎಂದಳು ಮಂಗಳ. ಆಮೇಲೆ ಅವ್ವ ದಿನಾ ಸಂಜೆ ಓಡದ ಕಾರಿನೊಳಗೆ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಳ್ಳುವ ರೂಢಿ ಮಾಡಿಕೊಂಡಳು.

ಕಾರಹುಣ್ಣಿಮೆಗೆ ಮಂಗಳಳ ತವರಾದ ಕಡರನಾಯಕನಹಳ್ಳಿಗೆ ಹೋದೆವು. ಊಟಕ್ಕೆ ಕೂತಾಗ ಕಾರಿನ ಸುದ್ದಿ ಬಂತು. ಅವಳ ಅಣ್ಣ ರುದ್ರಪ್ಪ ಕೆಟ್ಟವನಲ್ಲ, ಆದರೆ ನಾಲಗೆಗೆ ಮೂಗುದಾರವಿಲ್ಲದವನು. "ಹಾಲೇಶಪ್ಪಾ, ಗುಜರಿ ಗಾಡಿ ತಂದೀಯಂತೆ. ಅದ್ರಾಗೆ ಇಬ್ರೇ ಹಿಡಿಸ್ತಾರಂತೆ. ಇರ್ಲಿ ಬಿಡು, ನಿಮಗೆ ಅಷ್ಟು ಸಾಕಲ್ಲ" ಎಂದ. ಅವನ ಹೆಂಡತಿ ತಲೆ ತಗ್ಗಿಸಿದಳು. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ.

ಮಂಗಳ ಸಾವಕಾಶವಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. "ಬನ್ನಿ ಹಬ್ಬಕ್ಕೆ ಅದೇ ಗಾಡೀಲಿ ಬರ್ತೀನಣ್ಣ. ನಾನೇ ಓಡಿಸ್ಕೊಂಡು."

"ನೀನಾ?" ರುದ್ರಪ್ಪ ಎದೆ ತಟ್ಟಿಕೊಂಡು ನಕ್ಕ. "ನೀ ಓಡಿಸ್ಕೊಂಡು ಬಂದ್ರೆ, ಹೆಂಗಸರಂಗೆ ಸೆರಗು ಹೊದ್ದು ಊರ ಅಗಸಿ ಬಾಗ್ಲಾಗೆ ನಿಂತು ನಾನೇ ಆರತಿ ಎತ್ತತೀನಿ, ನೋಡ್ಕ."

"ಸೆರಗು ಬ್ಯಾಡ. ಆರತಿ ಸಾಕು" ಎಂದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಕ್ಯಾಲೆಂಡರು ಬನ್ನಿ ಹಬ್ಬಕ್ಕೆ ಬಂದು ನಿಂತಿತು. ಅವಳು ಹಗಲು ಬ್ಲೌಸ್ ಹೊಲಿದು, ವಾರದಲ್ಲಿ ಮೂರು ದಿನ ಬಸ್ಸಿನಲ್ಲಿ ದಾವಣಗೆರೆಯ ಡ್ರೈವಿಂಗ್ ಸ್ಕೂಲಿಗೆ ಹೋಗತೊಡಗಿದಳು. ಎಸ್.ಎಸ್. ಬಡಾವಣೆಯ ಖಾಲಿ ರಸ್ತೆಗಳಲ್ಲಿ ಕಲಿಸುತ್ತಿದ್ದರು. ಮನೆಗೆ ಬಂದವಳೇ ನನಗೆ ಪಾಠ ಹೇಳುತ್ತಿದ್ದಳು. ಕ್ಲಚ್ಚನ್ನು ಹೇಗೆ ಬಿಡಬೇಕು ಎಂಬುದನ್ನು ಹೊಲಿಗೆ ಮಿಷನ್ನಿನ ಪೆಡಲ್ ತುಳಿದು ತೋರಿಸುತ್ತಿದ್ದಳು. "ಒಮ್ಮೆಲೆ ಬಿಟ್ರೆ ದಾರ ಹರೀತೈತೆ. ಗಾಡೀನೂ ಅಷ್ಟೇ." ಅವಳಿಂದ ಕೇಳಿ ಕಲಿತೇ ನಾನು ಆಮೇಲೆ ಲೈಸೆನ್ಸ್ ತೆಗೆದುಕೊಂಡೆ. ಆದರೆ ಬೇರೆ ಯಾವ ಗಾಡಿಯನ್ನೂ ಅವಳಷ್ಟು ಹಗುರಾಗಿ ಎಂದೂ ಓಡಿಸಲಿಲ್ಲ.

ಕಾರನ್ನು ಪೂರ್ತಿ ಬಿಚ್ಚಿದೆವು. ಇಲ್ಲಿ ಅದರ ಬಿಡಿಭಾಗ ಸಿಗುವ ಮಾತೇ ಇರಲಿಲ್ಲ. ಪುಸ್ತಕವೂ ಇಲ್ಲ, ಕೇಳಲು ಯಾರೂ ಇಲ್ಲ. ಬಿಚ್ಚಿದ್ದನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುವುದೇ ದೊಡ್ಡ ಪರೀಕ್ಷೆ. ನಾನು ಪೆನ್ಸಿಲಿನಿಂದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದೆ, ಎಣ್ಣೆ ತಾಗಿ ಅಳಿಸಿಹೋಗುತ್ತಿತ್ತು. ಒಂದು ದಿನ ಮಂಗಳ ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡಳು. ಬ್ಲೌಸಿನ ತೋಳು ಕತ್ತರಿಸಿದ ಮೇಲೆ ಎಡ ಯಾವುದು ಬಲ ಯಾವುದು ಎಂದು ತಪ್ಪಬಾರದೆಂದು ಅವಳು ದಾರದಲ್ಲಿ ಗಂಟು ಹಾಕಿ ಗುರುತು ಮಾಡುತ್ತಿದ್ದಳು. ಎಡಕ್ಕೆ ಒಂದು ಗಂಟು, ಬಲಕ್ಕೆ ಎರಡು. ಅದನ್ನೇ ಕಾರಿಗೂ ತಂದಳು. ಲೈನಿಂಗ್ ಬಟ್ಟೆಯ ನೀಲಿ ಪಟ್ಟಿ ಹರಿದು, ಕಳಚಿದ ಪ್ರತಿಯೊಂದು ಭಾಗಕ್ಕೂ ಸುತ್ತಿ, ತುದಿಗೆ ಗಂಟು ಹಾಕಿ ಗೋಡೆಯ ಬದಿಗೆ ಸಾಲಾಗಿ ಇಟ್ಟಳು. ಶೆಡ್ಡು ಹರಕೆ ಕಟ್ಟಿದ ಮರದ ಹಾಗೆ ಕಾಣುತ್ತಿತ್ತು.

ಆ ಮಳೆಗಾಲದಷ್ಟು ಹುರುಪಿನಿಂದ ನಾನು ಮತ್ತೆಂದೂ ದುಡಿದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಇವತ್ತು ಯಾವ ಭಾಗ ಎಂಬುದೇ ಮೊದಲ ಯೋಚನೆ. ಸವೆದ ಬುಷ್ಷುಗಳ, ಅಂದರೆ ಕೀಲಿನೊಳಗಿನ ಬಳೆಗಳ, ಬದಲಿಗೆ ಹೊಸವನ್ನು ಲೇತಿನಲ್ಲಿ ನಾನೇ ಮಾಡಿದೆ. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ತೆಗೆಯಲು ಒಂದು ಬೊಗಸೆ ಜಲ್ಲಿಕಲ್ಲು ಹಾಕಿ, ಆ ತುದಿ ಅವಳು ಈ ತುದಿ ನಾನು ಹಿಡಿದು, ರಾಗಿ ಜರಡಿ ಹಿಡಿದಂತೆ ಮಧ್ಯಾಹ್ನವಿಡೀ ಅಲ್ಲಾಡಿಸಿದೆವು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಉಳಿದಿದ್ದ ಹತ್ತಿಯನ್ನೇ ತುಂಬಿ ಅವಳು ರೆಕ್ಸಿನ್ ಸೀಟು ಹೊಲಿದಳು. ಒಂಬತ್ತು ಸೂಜಿ ಮುರಿದವು. ಹತ್ತನೆಯದು ಮುರಿಯಲಿಲ್ಲ. ಲಾರಿಯ ತಾಡಪಾಲಿನಲ್ಲಿ ಮಡಚುವ ಚಾವಣಿ ಹೊಲಿದಳು. ಅವಳು ಕುಳ್ಳಿ, ಕಾಲು ಪೆಡಲಿಗೆ ಎಟಕುತ್ತಿರಲಿಲ್ಲ. ಅವಳನ್ನು ಕೂರಿಸಿ ಅಳತೆ ತೆಗೆದು ಸೀಟಿಗೆ ಮುಂದೆ ಹೊಸ ತೂತು ಕೊರೆದು ಬೋಲ್ಟು ಹಾಕಿದೆ. "ಇಷ್ಟು ವರ್ಷ ನಾನೇ ಎಲ್ಲಾರ ಅಳತೆ ತಗೊಂಡಿದ್ದಾತು. ನನ್ನ ಅಳತೆ ತಗೊಂಡೋರು ನೀವೇ ಮೊದಲು" ಎಂದಳು.

ಶ್ರಾವಣದ ಒಂದು ಸೋಮವಾರ, ಸಣ್ಣಗೆ ಮಳೆ ಹನಿಯುತ್ತಿದ್ದಾಗ, ಎಂಜಿನ್ ಮೊದಲ ಸಲ ಹತ್ತಿಕೊಂಡಿತು. ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ನಾನು ತಿರುಗಿಸುತ್ತಿದ್ದೆ, ಒಳಗೆ ಮಂಗಳ, ಪಕ್ಕದಲ್ಲಿ ದಸ್ತಗೀರಣ್ಣ. ಹದಿನೈದು ಇಪ್ಪತ್ತು ಸಲ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಗಿತ್ತು. "ಇನ್ನೊಂದು ಸಲ" ಎಂದಳು. ತಿರುಗಿಸಿದೆ. ಅದು ಒಮ್ಮೆ ಕೆಮ್ಮಿತು, ಹಿಂದಿನ ಕೊಳವೆಯಿಂದ ಹತ್ತಿಯ ಒಂದು ಮುದ್ದೆ ಹಾರಿ ಗೋಡೆಗೆ ಬಡಿಯಿತು, ಆಮೇಲೆ ನಾಲ್ಕೂ ಸಿಲಿಂಡರು ಹಿಡಿದುಕೊಂಡವು. ಸದ್ದು ಎದೆಯೊಳಗೆ ನಡುಗಿತು. ಬೀದಿಯವರೆಲ್ಲ ಛತ್ರಿ ಹಿಡಿದು ಬಂದರು. ಅವ್ವ ದೇವರ ಮನೆಯಿಂದ ವಿಭೂತಿ ತಂದು ಬಾನೆಟ್ಟಿಗೆ ಬಳಿದಳು. ಮಂಗಳ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಆಮೇಲೆ ಕಣ್ಣು ತೆರೆದು, "ಮೂರನೇದು ಸ್ವಲ್ಪ ಹಿಂದೆ ಬೀಳಾಕತ್ತೈತೆ" ಎಂದಳು. ನೋಡಿದರೆ ಮೂರನೆಯ ಪ್ಲಗ್ಗು ಸಡಿಲವಾಗಿತ್ತು. ದಸ್ತಗೀರಣ್ಣ ತನ್ನ ಕಿವಿ ಹಿಡಿದುಕೊಂಡು, "ಉಸ್ತಾದ್ ನೀನೇ ತಂಗೀ" ಎಂದ.

ಅದೇ ದಸ್ತಗೀರಣ್ಣ ಮತ್ತು ನಾನು, ಹಬ್ಬಕ್ಕೆ ಹತ್ತು ದಿನವಿದ್ದಾಗ, ಅವಳ ಮಾತನ್ನು ತೆಗೆದುಹಾಕಿದೆವು.

ಉಳಿದದ್ದು ಚಕ್ರದ ಕೆಲಸ. ಆ ಕಾರಿನ ಚಕ್ರಕ್ಕೆ ಲಾರಿಯಂತೆ ಎಂಟು ಹತ್ತು ನಟ್ಟುಗಳಿಲ್ಲ. ನಡುವೆ ಹಬ್ ಎಂಬ ಹಲ್ಲಿನ ಕೊಳವೆ. ಅದರ ಮೇಲೆ ಚಕ್ರ ತೂರಿಸಿ, ಎರಡು ಕಿವಿಗಳಿರುವ ಒಂದೇ ದೊಡ್ಡ ನಟ್ಟು ಹಾಕಿ, ಮರದ ಸುತ್ತಿಗೆಯಿಂದ ಕಿವಿಗೆ ಹೊಡೆದು ಬಿಗಿಯಬೇಕು. ನಟ್ಟು ಕೂರುವ ತಿರುಪಿನ ಗೆರೆಗೆ ಥ್ರೆಡ್ಡು ಎನ್ನುತ್ತೇವೆ. ಎರಡು ಹಬ್ಬುಗಳಿಗೆ ಮಾಮೂಲಿ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಇನ್ನೆರಡಕ್ಕೆ ಉಲ್ಟಾ ಥ್ರೆಡ್ಡು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಲಾರಿಗಳಲ್ಲಿ ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡು ಇರುತ್ತದೆ. ಇದು ಈ ಕಡೆಯ ಮೇಸ್ತ್ರಿಗಳಿಗೆ ಮಗ್ಗಿಯಿದ್ದಂತೆ. ಆದರೆ ಮಂಗಳಳ ಪಟ್ಟಿಯಲ್ಲಿ ಒಂದು ಗಂಟು, ಅಂದರೆ ಎಡ ಎಂದು ಗುರುತಿದ್ದ ಹಬ್ಬುಗಳಿಗೆ ಮಾಮೂಲಿ ಥ್ರೆಡ್ಡು ಇತ್ತು.

"ಎಡಕ್ಕೆ ಸೀದಾ ಥ್ರೆಡ್ಡಾ?" ದಸ್ತಗೀರಣ್ಣ ಬೀಡಿ ಕೆಳಗಿಟ್ಟ. "ಈ ಕೈಯಾಗೆ ಎಷ್ಟು ಸಾವಿರ ಗಾಲಿ ಬಿಚ್ಚೀನಿ. ಇಂಥದ್ದು ಕಂಡಿಲ್ಲ. ತಂಗಿ ಗಂಟು ಅದಲು ಬದಲು ಮಾಡೈತೆ."

"ಇಲ್ಲಣ್ಣಾ" ಎಂದಳು ಮಂಗಳ. "ಇಪ್ಪತ್ತು ವರ್ಷದಾಗೆ ಒಂದು ತೋಳು ಅದಲು ಬದಲಾಗಿಲ್ಲ ನನ್ನ ಕೈಯಾಗೆ."

"ಬ್ಲೌಸು ಬ್ಯಾರೆ, ಬೇರಿಂಗು ಬ್ಯಾರೆ ತಂಗೀ."

ಅವಳು ನನ್ನ ಮುಖ ನೋಡಿದಳು. ನಾನು ಟರ್ನರ್. ಥ್ರೆಡ್ಡು ಕೊಯ್ಯುವುದೇ ನನ್ನ ಅನ್ನ. ಅವಳ ಗಂಟಿಗಿಂತ ನನ್ನ ಮಗ್ಗಿ ದೊಡ್ಡದೆನಿಸಿತು. "ಗಡಿಬಿಡೀಲಿ ತಪ್ಪಿರ್ಬೇಕು ಬಿಡು ಮಂಗಳಾ" ಎಂದೆ.

ಅವಳು ಜಗಳವಾಡಲಿಲ್ಲ. ಒಳಗೆ ಹೋಗಿ ಕತ್ತರಿ ತಂದಳು. ಬಗ್ಗಿ ಕೂತು ನಾಲ್ಕು ಹಬ್ಬುಗಳ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು. "ಹಂಗಾದ್ರೆ ಇವು ಬ್ಯಾಡ" ಎಂದು ಅಂಗೈಯಲ್ಲಿ ಮುಚ್ಚಿ ಹಿಡಿದು ಒಳಗೆ ಹೋದಳು. ಡ್ರಾಯರ್ ಎಳೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ನಾವು ಹಬ್ಬುಗಳನ್ನು ಮಗ್ಗಿಯ ಪ್ರಕಾರ ಕೂರಿಸಿದೆವು.

ಆಯುಧಪೂಜೆಯ ದಿನ ಲೇತು, ಹೊಲಿಗೆ ಮಿಷನ್ನು, ಕಾರು ಮೂರಕ್ಕೂ ಒಂದೇ ಹೂವಿನ ಮಾಲೆ ಕತ್ತರಿಸಿ ಹಾಕಿದೆವು. ಕಡುಹಸಿರು ಬಣ್ಣ ಬಳಿಸಿದ್ದೆವು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮರುದಿನ ಬನ್ನಿ. ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಮಂಗಳ ಹಸಿರು ಇಳಕಲ್ ಸೀರೆ ಉಟ್ಟು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ತಲೆಗೆ ನನ್ನ ಮಫ್ಲರ್ ಕಟ್ಟಿಕೊಂಡಿದ್ದಳು. ಅವ್ವ ನೀವಾಳಿಸಿ, "ಸಾವಕಾಶ ಹೋಗಿ ಬರ್ರಿ" ಎಂದಳು. ಬೀದಿ ಪೂರ್ತಿ ನಿಂತಿತ್ತು.

ಹರಿಹರ ದಾಟಿ ಮಲೆಬೆನ್ನೂರಿನ ರಸ್ತೆಗೆ ಹೊರಳಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ. ತೆನೆ ಆಗತಾನೆ ಹೊರಬಿದ್ದಿತ್ತು. ಗಾಳಿ ನೇರ ಮುಖಕ್ಕೆ, ನೆಲ ಕೈಗೆ ಎಟಕುವಷ್ಟು ಹತ್ತಿರ. ನೀರಿನ ವಾಸನೆ, ಪೆಟ್ರೋಲಿನ ವಾಸನೆ, ಅವಳ ಮುಡಿಯ ಸೇವಂತಿಗೆ. ನನಗೆ ಕೂಗಬೇಕೆನಿಸುತ್ತಿತ್ತು. ಕಾರಿನ ಮೀಟರು ಮೈಲಿ ಲೆಕ್ಕದ್ದು. ಮುಳ್ಳು ಇಪ್ಪತ್ತರ ಹತ್ತಿರ ನಿಂತಿತ್ತು.

"ಇನ್ನೂ ಸ್ವಲ್ಪ ಒತ್ತು" ಎಂದೆ.

"ಸಾಕು."

"ರೇಸಿನ ಗಾಡಿ ಮಾರಾಯ್ತಿ. ಸೈಕಲ್ಲಿನೋರು ಮುಂದೆ ಹೋಗಾಕತ್ತಾರೆ."

"ಹೋಗ್ಲಿ ಬಿಡ್ರಿ. ಅವರ ತವರು ದೂರ ಇರ್ಬೇಕು."

ಕಾಲುವೆಯ ಪಕ್ಕ ಬಂದಾಗ ಅವಳು ಹುಬ್ಬು ಗಂಟಿಕ್ಕಿದಳು. "ಸ್ಟೀರಿಂಗು ಎಡಕ್ಕೆ ನಡುಗಾಕತ್ತೈತೆ" ಎಂದು ಆಕ್ಸಿಲರೇಟರಿನಿಂದ ಕಾಲು ತೆಗೆದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಟಣ್ ಎಂಬ ಸದ್ದು. ಮುಂದಿನ ಎಡಗಡೆಯ ಮಡ್‌ಗಾರ್ಡಿಗೆ ಏನೋ ಗುದ್ದಿತು, ಕಾರು ಆ ಮೂಲೆಗೆ ಕುಸಿದು ಕರ್ ಎಂದು ರಸ್ತೆ ಕೆರೆಯಿತು. ಅದೇ ಹೊತ್ತಿಗೆ ಒಂದು ಚಕ್ರ, ನಮ್ಮದೇ ಚಕ್ರ, ನಮ್ಮನ್ನು ಹಿಂದೆ ಹಾಕಿ ಮುಂದೆ ಓಡುತ್ತಿತ್ತು. ಬಿಸಿಲಿಗೆ ಕಡ್ಡಿಗಳು ಮಿಂಚುತ್ತಿದ್ದವು. ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ರಸ್ತೆ ಬಿಟ್ಟು, ಬದು ಹಾರಿ, ಭತ್ತದ ನಡುವೆ ದಾರಿ ಮಾಡಿಕೊಂಡು ಹೋಗಿ ಮಲಗಿತು.

ಮಂಗಳ ಸ್ಟೀರಿಂಗನ್ನು ಬಿಡಲಿಲ್ಲ, ಬ್ರೇಕನ್ನು ಒಮ್ಮೆಲೆ ತುಳಿಯಲೂ ಇಲ್ಲ. ಕಾರು ಕೆರೆಯುತ್ತ ಕೆರೆಯುತ್ತ ಕಾಲುವೆಯ ಏರಿಗೆ ಎರಡು ಮಾರು ಇದ್ದಂತೆ ನಿಂತಿತು. ಏರಿಯ ಆಚೆ ತುಂಬಿದ ಕಾಲುವೆ. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು.

ಮಲೆಬೆನ್ನೂರಿನ ಕಡೆಯಿಂದ ಬಾಳೆಕಂದು ಕಟ್ಟಿಕೊಂಡ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಚಾಲಕ, ದೊಡ್ಡ ಮೀಸೆಯವನು, ಗದ್ದೆಯನ್ನೂ ನಮ್ಮನ್ನೂ ಎರಡೆರಡು ಸಲ ನೋಡಿದ. "ಯಕ್ಕಾ, ನಿಮ್ಮ ಗಾಲಿಗೆ ಅವಸರ ಐತೆ ಅಂತ ಕಾಣತೈತೆ. ಮುಂದೆ ಹೋತು. ನೀವು ಹಿಂದೆ ಬರ್ರಿ" ಎಂದ.

ಮೊದಲು ನಕ್ಕವಳು ಮಂಗಳ. ಆಮೇಲೆ ನಾನೂ ನಕ್ಕೆ. ನಗು ನಿಂತ ಮೇಲೆ ಇಳಿದು ಹಬ್ ನೋಡಿದೆ. ಥ್ರೆಡ್ಡು ಒಂದಿಷ್ಟೂ ಕೆಟ್ಟಿರಲಿಲ್ಲ. ನಟ್ಟು ತಾನಾಗಿಯೇ ತಿರುಗಿ ತಿರುಗಿ ಬಿಚ್ಚಿಕೊಂಡು ಹೋಗಿತ್ತು. ಬಲಗಡೆಯದಕ್ಕೆ ಕೈಯಿಟ್ಟೆ, ಬೆರಳಿಗೇ ತಿರುಗಿತು. ನಡುವೆ ಒಂದೇ ನಟ್ಟಿರುವ ಚಕ್ರಕ್ಕೆ ಲಾರಿಯ ಮಗ್ಗಿ ನಡೆಯುವುದಿಲ್ಲ, ಅದು ಸರಿಯಾಗಿ ತಿರುವುಮುರುವು. ಯಾಕೆ ಎಂದು ಇಂದಿಗೂ ನನಗೆ ಪೂರ್ತಿ ಬಿಡಿಸಿ ಹೇಳಲು ಬರುವುದಿಲ್ಲ. ಅವಳ ಗಂಟು ಸರಿಯಿತ್ತು ಎಂಬುದಷ್ಟು ಗೊತ್ತಾಯಿತು.

ನಾನು ಎದ್ದು ನಿಂತಾಗ ಅವಳು ಪಕ್ಕದಲ್ಲಿರಲಿಲ್ಲ. ರಸ್ತೆಯ ಅಂಚಿನಲ್ಲಿ ಹಿಂದಕ್ಕೆ ನಡೆದು ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕೆನ್ನೆಯನ್ನು ನೆಲದ ಹತ್ತಿರಕ್ಕೆ ತಂದು ನೋಡುತ್ತಿದ್ದಳು. ಮನೆಯಲ್ಲಿ ಸೂಜಿ ಬಿದ್ದರೆ ಅವಳು ಹುಡುಕುತ್ತಿದ್ದದ್ದು ಹೀಗೆಯೇ. ಮೇಲಿಂದ ನೋಡಿದರೆ ಕಾಣುವುದಿಲ್ಲ, ಬೆಳಕಿಗೆ ಅಡ್ಡವಾಗಿ ನೋಡಬೇಕು ಎನ್ನುತ್ತಿದ್ದಳು. ಹುಲ್ಲಿನೊಳಗಿಂದ ನಟ್ಟನ್ನು ಎತ್ತಿ ಸೆರಗಿನಲ್ಲಿ ಒರೆಸಿಕೊಂಡು ಬಂದಳು.

"ನಿನ್ನ ಗಂ—" ಎಂದೆ.

"ಗೊತ್ತಾತು ಬಿಡ್ರಿ."

"ನಿನಗೆ ಅನುಮಾನ ಇತ್ತಲ್ಲ. ಮತ್ತೆ ಯಾಕ ಕೂತೆ? ಯಾಕ ಓಡಿಸ್ದೆ?"

"ಅನುಮಾನ ಇತ್ತು ಅಂತಾನೇ ಇಪ್ಪತ್ತು ದಾಟಿಸ್ಲಿಲ್ಲ" ಎಂದಳು. ನಟ್ಟನ್ನು ನನ್ನ ಕೈಗಿಟ್ಟು, "ನೀವು ಪಕ್ಕದಾಗೆ ಕೂಡ್ತೀನಿ ಅಂದಮ್ಯಾಗೆ ಓಡಿಸದೆ ಇರಾಕಾಗ್ತತಾ?" ಎಂದಳು.

ಟ್ರ್ಯಾಕ್ಟರಿನವನು ಗದ್ದೆಗಿಳಿದು ಚಕ್ರ ಹೊತ್ತು ತಂದ. ಜ್ಯಾಕು ಅವನದೇ. ಹಬ್ಬುಗಳನ್ನು ಅಲ್ಲಿಯೇ ಬದಲಿಸುವ ಸಲಕರಣೆ ನಮ್ಮ ಬಳಿ ಇರಲಿಲ್ಲ. ಚಕ್ರ ಕೂರಿಸಿ, ನಾಲ್ಕೂ ನಟ್ಟುಗಳನ್ನು ಹೊಡೆದು ಬಿಗಿದು, ಅವನ ಬಳಿಯಿದ್ದ ಕಟ್ಟುವ ತಂತಿಯಿಂದ ನಟ್ಟಿನ ಕಿವಿಗಳನ್ನು ಕಡ್ಡಿಗಳಿಗೆ ಬಿಗಿಯಾಗಿ ಕಟ್ಟಿದೆವು. ಕಟ್ಟಿದವಳು ಮಂಗಳಳೇ. ನಾನು ಚಕ್ರ ಅಲುಗದಂತೆ ಹಿಡಿದುಕೊಂಡಿದ್ದೆ. "ಮನೆಗೆ ಹಿಂದಕ್ಕೆ ಹೋಗಾಣೇನು?" ಎಂದೆ.

"ನಾಕು ಮೈಲಿ ಐತೆ ತವರು. ಮನೆ ಅದಕ್ಕಿಂತ ದೂರ" ಎಂದು ಹತ್ತಿ ಕೂತಳು.

ಮೈಲಿಗೊಮ್ಮೆ ನಿಲ್ಲಿಸಿ ತಂತಿ ನೋಡುತ್ತ, ನಮಗಾಗಿ ಬಂದ ದಾರಿಗೇ ತಿರುಗಿಸಿಕೊಂಡ ಟ್ರ್ಯಾಕ್ಟರು ಮುಂದೆ, ನಾವು ಹಿಂದೆ, ಹೊತ್ತು ಇಳಿಯುವ ಮೊದಲೇ ಕಡರನಾಯಕನಹಳ್ಳಿ ಮುಟ್ಟಿದೆವು. ಟ್ರ್ಯಾಕ್ಟರಿನವನು ನಾವು ಕೇಳದೆಯೇ ಹಾರ್ನ್ ಬಾರಿಸುತ್ತ ಊರು ಎಬ್ಬಿಸಿದ. ಬನ್ನಿ ಮುಡಿಯಲು ಹೊರಟ ಜನ ಅಗಸಿಯಲ್ಲಿಯೇ ಗುಂಪು ಕೂಡಿತ್ತು. ಮೂತಿ ಕಾಣಿಸಿತು, ಆಮೇಲೆ ಮಫ್ಲರ್ ಕಟ್ಟಿದ ಮಂಗಳಳ ತಲೆ ಕಾಣಿಸಿತು, ಆಮೇಲೆ ಒಂದು ಗದ್ದಲ ಎದ್ದಿತು. ರುದ್ರಪ್ಪ ಗುಂಪಿನ ಹಿಂದೆ ಸರಿಯುತ್ತಿದ್ದ. ಅವನ ಹೆಂಡತಿ ಆರತಿ ತಟ್ಟೆ ತಂದವಳು, ತಾನು ಎತ್ತದೆ ನೇರ ಹೋಗಿ ಗಂಡನ ಕೈಗೆ ಕೊಟ್ಟಳು.

"ಏನ್ರಿ, ಮಾತು ಕೊಟ್ಟಿದ್ರಲ್ಲ" ಎಂದಳು. ಆ ಹೆಂಗಸಿನ ದನಿಯನ್ನು ನಾನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

ರುದ್ರಪ್ಪ ಎತ್ತಿದ. ತಟ್ಟೆಯನ್ನು ಎತ್ತಿನ ಮುಂದೆ ಕಂದೀಲು ಹಿಡಿದಂತೆ ಹಿಡಿದು, ಉಲ್ಟಾ ಸುತ್ತಿಸಿ, ಜನ ಕೂಗಿದ ಮೇಲೆ ಸರಿ ಸುತ್ತಿಸಿದ. ಮಂಗಳಳ ಹಣೆಗೆ ಕುಂಕುಮ ಹಚ್ಚುವಾಗ ಅವನ ಕಣ್ಣು ತುಂಬಿದ್ದವು. "ಅವತ್ತು ಊಟಕ್ಕೆ ಕೂತಾಗ ಬಾಯಿ ತಪ್ಪಿ ಅಂದೆ ಕಣವ್ವ" ಎಂದ. ಅವಳು ಸ್ಟೀರಿಂಗಿನ ಹಿಂದೆ ಕೂತೇ, "ಹತ್ತು ಕೂಡ್ರು, ಒಂದು ಸುತ್ತು ಹಾಕಿಸ್ತೀನಿ" ಎಂದಳು. ನಾನು ಇಳಿದುಕೊಟ್ಟೆ.

ಬನ್ನಿ ಎಲೆಯನ್ನು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ನಮಸ್ಕರಿಸುವುದು ನಮ್ಮಲ್ಲಿಯ ರೂಢಿ. ಹೆಂಡತಿ ಗಂಡನಿಗೆ ಕೊಡುತ್ತಾಳೆ. ಅವತ್ತು ಸಂಜೆ, ಅವರ ಮನೆಯ ಕಟ್ಟೆಯ ಮೇಲೆ, ಎಲ್ಲರೂ ನೋಡುತ್ತಿದ್ದಂತೆ ನಾನು ಮೊದಲು ಅವಳ ಕೈಗೆ ಬನ್ನಿ ಕೊಟ್ಟೆ. "ತಗೋ, ಬಂಗಾರದಂಗಿರಾಣ" ಎಂದೆ. ಅವಳು ಎಲೆಯನ್ನೇ ನೋಡಿದಳು. ಅದನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿಕೊಂಡಳು. ಒಂದೇ ಗಂಟು.

ಊರಿಗೆ ಬಂದ ಮೇಲೆ ಹಬ್ಬುಗಳನ್ನು ಅವಳು ಹೇಳಿದಂತೆ ಬದಲಿಸಿದೆ. ಮತ್ತೆಂದೂ ಚಕ್ರ ಕಳಚಲಿಲ್ಲ. ಮಡ್‌ಗಾರ್ಡಿನ ಕುಳಿಯನ್ನು ಮಾತ್ರ ತಟ್ಟಿ ಸರಿಮಾಡಲು ಅವಳು ಬಿಡಲಿಲ್ಲ. ಎಷ್ಟೋ ವರ್ಷ ಆ ಕಾರಿನಲ್ಲಿ ತಿರುಗಿದೆವು. ಯಾವಾಗಲೂ ಅವಳು ಬಲಕ್ಕೆ, ನಾನು ಎಡಕ್ಕೆ. ಅವಳ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕಾಯಿತು. ಕಾರು ತೆಗೆಯಲು ಹೋದರೆ, "ಬಸ್ಸಿಗೆ ಹೋಗಾಣ. ಅದಕ್ಕೆ ಆ ದಾರಿ ಕಲಿಸಬ್ಯಾಡ್ರಿ" ಎಂದಳು. ಅಂದಿನಿಂದ ಅದು ಶೆಡ್ಡಿನಲ್ಲಿಯೇ ನಿಂತಿತ್ತು.

ಪಟ್ಟಿಗಳು ಸಿಕ್ಕ ಮರುದಿನ ದಸ್ತಗೀರಣ್ಣನಿಗೆ ಹೇಳಿಕಳಿಸಿದೆ. ಅವನಿಗೀಗ ಎಪ್ಪತ್ತೈದರ ಮೇಲಾಗಿದೆ, ಕೋಲು ಹಿಡಿದು ಬಂದ. ಇಬ್ಬರೂ ಸೇರಿ ಚಕ್ರ ಬಿಚ್ಚಿ, ಹಬ್ಬುಗಳನ್ನು ಎಳೆದೆವು. ಗ್ರೀಸು ಕಲ್ಲಾಗಿತ್ತು. ಎಳೆದ ಹಬ್ಬುಗಳಿಗೆ ನಾನು ಆ ನೀಲಿ ಪಟ್ಟಿಗಳನ್ನು ಕಟ್ಟತೊಡಗಿದೆ. ಕತ್ತರಿಸಿದ್ದರಿಂದ ಗಿಡ್ಡವಾಗಿದ್ದವು, ಸುತ್ತ ಬರಲಿಲ್ಲ. ತಂತಿ ಸೇರಿಸಿ ಬಿಗಿದೆ.

"ಅದ್ಯಾಕ ಕಟ್ಟಾಕತ್ತೀ?" ಎಂದ ದಸ್ತಗೀರಣ್ಣ. "ನಂಗೆ ನೆನಪೈತಲ್ಲ."

"ಅವತ್ತೂ ನಿನಗೆ ನೆನಪಿತ್ತು."

ಅವನು ಬೀಡಿ ಹಚ್ಚಲು ಹೋದವನು ಹಚ್ಚದೆ ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. "ಕಟ್ಟು, ಕಟ್ಟು" ಎಂದ.

ಹೊಸ ಗ್ರೀಸು ತುಂಬಿ, ಗಂಟು ನೋಡಿಕೊಂಡು ಒಂದೊಂದನ್ನೂ ಅದರದರ ಕಡೆಗೆ ಕೂರಿಸಿದೆವು. ಪಟ್ಟಿಗಳನ್ನು ಈ ಸಲ ಕತ್ತರಿಸಲಿಲ್ಲ. ತಂತಿ ಬಿಚ್ಚಿ, ನಾಲ್ಕನ್ನೂ ಜೇಬಿಗೆ ಹಾಕಿಕೊಂಡೆ. ಬ್ಯಾಟರಿ ಹೊಸದು, ಪೆಟ್ರೋಲು ಹೊಸದು. ಎರಡನೆಯ ದಿನ ಎಂಜಿನ್ ಹಿಡಿದುಕೊಂಡಿತು. ಮೂರನೆಯ ಸಿಲಿಂಡರು ಸ್ವಲ್ಪ ಹಿಂದೆ ಬೀಳುತ್ತಿದೆಯೇನೋ ಎಂದು ಕೇಳಿದೆ. ನನ್ನ ಕಿವಿಗೆ ತಿಳಿಯಲಿಲ್ಲ.

ಬಲಗಡೆ ಕೂತೆ. ಮೊಣಕಾಲು ಎದ್ದು ಸ್ಟೀರಿಂಗಿಗೆ ಒತ್ತಿತು. ಎದೆಗೂ ಸ್ಟೀರಿಂಗಿಗೂ ಒಂದು ಗೇಣು ಜಾಗವಿರಲಿಲ್ಲ.

"ಸೀಟು ಹಿಂದಕ್ಕೆ ಹಾಕಾಣ. ನಾಕು ಬೋಲ್ಟು ಅಷ್ಟೇ" ಎಂದ ದಸ್ತಗೀರಣ್ಣ.

"ಬ್ಯಾಡ."

ಅವನು ಎಡಗಡೆಯ ಖಾಲಿ ಸೀಟಿನ ಕಡೆ ನೋಡಿದ. ನಾನು ಏನಾದರೂ ಹೇಳುವ ಮೊದಲೇ ಕೋಲು ಊರಿಕೊಂಡು, "ನಾ ಇಲ್ಲೇ ಇರ್ತೀನಿ. ನೀ ಹೋಗಿ ಬಾ" ಎಂದ.

ಕ್ಲಚ್ಚನ್ನು ದಾರ ಹರಿಯದಂತೆ ಬಿಟ್ಟೆ. ಮಲೆಬೆನ್ನೂರಿನ ರಸ್ತೆ ಈಗ ಅಗಲವಾಗಿದೆ. ಕಾಲುವೆಯ ಪಕ್ಕ ಬಂದಾಗ ಬೈಕಿನವರು ಹಾರ್ನ್ ಹಾಕುತ್ತ ಮುಂದೆ ಹೋದರು, ಒಬ್ಬ ತಿರುಗಿ ನೋಡಿ ನಕ್ಕ. ಮೊಣಕಾಲು ಸ್ಟೀರಿಂಗಿಗೆ ತಗಲುತ್ತಲೇ ಇತ್ತು. ಕಡರನಾಯಕನಹಳ್ಳಿಯ ಅಗಸಿ ಕಾಣುವವರೆಗೂ ಮುಳ್ಳು ಇಪ್ಪತ್ತು ದಾಟಲು ನಾನು ಬಿಡಲಿಲ್ಲ.